ತಪ್ಪು ಗೀಟು

ಮಂಗಳವಾರ, ಶುಕ್ರವಾರ ಬೀಗದ ಕೈ ನನ್ನದು.
ಉಳಿದ ದಿನ ಹೆಟ್ಟಿ ಪ್ರಾಸರಳದು, ಅವಳ ಸೊಂಟ ನೋಯದಿದ್ದರೆ.
ಹತ್ತಕ್ಕೆ ತೆರೆಯಬೇಕು. ಮೆಟ್ಟಿಲ ಬಾಗಿಲನ್ನು
ಎಡ ಮೊಣಕಾಲಲ್ಲಿ ಎತ್ತಿ, ಆಮೇಲೆ ನೂಕಬೇಕು.
ನಾನೂರು ವರ್ಷ ಎಲ್ಲರೂ ಹಾಗೇ ನೂಕಿದ್ದಕ್ಕೆ
ಮರದಲ್ಲಿ ಮೊಣಕಾಲಿನಷ್ಟೇ ಒಂದು ಸವಕಲು.

ಕೆಳಗೆ ಗೋಡೆಯಿಲ್ಲ. ಹನ್ನೆರಡು ಕಂಬ, ನಡುವೆ ಸಂತೆ:
ಜೇನು, ಮಣ್ಣು ಮೆತ್ತಿದ ಬೀಟ್‌ರೂಟು, ಅರ್ಧ ಬೆಲೆಯ ಕಾಲುಚೀಲ.
ಚೀಸು ಮಾರುವ ಓಸ್ವಿನ್ ತಕ್ಕಡಿಯ ಒಂದು ಕಾಲಿಗೆ
ಬಸ್ ಟಿಕೆಟ್ಟು ಮಡಿಸಿ ಇಡುತ್ತಾನೆ.
ವಾಲಿರುವುದು ನೆಲ ಮಾರಾಯ್ತಿ, ನಾನಲ್ಲ, ಅನ್ನುತ್ತಾನೆ.

ಮೇಲೆ, ಮಾಳಿಗೆ ಬೀದಿಗೆ ಎರಡಡಿ ಚಾಚಿದೆ,
ಪಕ್ಕದ ಮನೆಯ ಜಗಳ ಕೇಳಲು ಬಗ್ಗಿದವಳ ಹಾಗೆ.
ಕರಿ ತೊಲೆ, ಬಿಳಿ ಸುಣ್ಣ. ಫೋಟೊಕ್ಕೆ ಇಷ್ಟು ಸಾಕು.
ಕಪ್ಪು ಬಳಿದದ್ದು ಮೊನ್ನೆ ಮೊನ್ನೆ, ನನ್ನ ಅಜ್ಜಿಯ ಅಜ್ಜಿಯ ಕಾಲದಲ್ಲಿ;
ಅದಕ್ಕೂ ಮುಂಚೆ ಬೂದಿ ಬಣ್ಣ, ಯಾರೂ ತಿರುಗಿ ನೋಡುತ್ತಿರಲಿಲ್ಲ.

ಬಂದವರಿಗೆ ನಾನು ಹೇಳುವುದು:
ಮರ ಕಡಿದ ವರ್ಷವೇ ಕಟ್ಟಿದರು. ಒಣಗಲು ಬಿಡಲಿಲ್ಲ.
ಹಸಿ ಓಕ್ ಉಳಿಗೆ ಬೆಣ್ಣೆ, ಒಣಗಿದರೆ ಹಗೆ.
ಮರದ ಮೊಳೆ ಜಡಿದು, ದುಡ್ಡೆಣಿಸಿಕೊಂಡು ಬಡಗಿಗಳು ಹೋದರು.
ಆಮೇಲೆ ಒಣಗಿತು, ನಿಧಾನ, ನಿಂತಲ್ಲೇ,
ತಿರುಚಿ, ಸೀಳಿ, ಒಂದನ್ನೊಂದು ಬಿಡಲಾರದ ಹಾಗೆ ಬಿಗಿದು.
ಇಲ್ಲಿ ಕೆಲವು ಗಂಡ ಹೆಂಡಿರು ಮುಖ ಮುಖ ನೋಡಿಕೊಳ್ಳುತ್ತಾರೆ.
ನಾನು ಕಾಯುತ್ತೇನೆ.

ಹೇಳದೆ ಬಿಡುವುದು:
ಉತ್ತರದ ಮೂಲೆಯಲ್ಲಿ, ಏಣಿಯ ಹಿಂದೆ, ಬಡಗಿಯ ಗುರುತು.
ಅಂಗಳದಲ್ಲಿ ಮಲಗಿಸಿ ಕೂಡಿಸಿ, ಉಳಿಯಲ್ಲಿ ಗೀಟೆಳೆದು, ಬಿಚ್ಚಿ,
ಗಾಡಿಯಲ್ಲಿ ತಂದು, ಗೀಟಿಗೆ ಗೀಟು ನೋಡಿ ನಿಲ್ಲಿಸಿದ್ದು.
ಒಂದಕ್ಕೆ ಒಂದು. ಎರಡಕ್ಕೆ ಎರಡು.
ಐದಕ್ಕೆ ಕೆಳಗೆ ಕೂಡುವ ಎರಡು ಓರೆಗೀಟು.
ಈ ಕಂಬದ ತಲೆಯಲ್ಲಿ ಏಳು.
ಅದು ಹೊಕ್ಕ ತೊಲೆಯಲ್ಲಿ ಎಂಟು.

ಕಳೆದ ಚಳಿಗಾಲ ಕೌನ್ಸಿಲ್ಲಿನ ಇಂಜಿನಿಯರು
ಕೆಂಪು ಲೇಸರು ಹಿಡಿದು ಬಂದ. ಒಂದು ಗೇಣು ವಾಲಿದೆ, ಎಂದ.
ಒಳಗೆ ಉಕ್ಕಿನ ಚೌಕಟ್ಟು ಇಟ್ಟು ನೆಟ್ಟಗೆ ಮಾಡಬಹುದು.
ಜೊತೆಗಿದ್ದ ಬಡಗಿ, ಥಿರ್ಜಾ ಮ್ಯಾಡಕ್, ಹೂಂ ಅನ್ನಲಿಲ್ಲ ಉಹೂಂ ಅನ್ನಲಿಲ್ಲ.
ಏಣಿ ಹತ್ತಿ, ಟಾರ್ಚು ಬಾಯಲ್ಲಿ ಕಚ್ಚಿ,
ಏಳು ನೋಡಿದಳು, ಎಂಟು ನೋಡಿದಳು,
ನಕ್ಕಳು. ಟಾರ್ಚು ಬಿತ್ತು.

ಹುಡುಗ, ಅಂದಳು ಇಳಿದು. ಕೆಲಸ ಕಲಿಯುವ ಹುಡುಗ.
ಎಣಿಕೆ ತಪ್ಪಿದ್ದಾನೆ. ಮೇಸ್ತ್ರಿ ನೋಡುವಷ್ಟರಲ್ಲಿ ಸಂಜೆ.
ನಾಲಗೆ ಕೆತ್ತಿ ತೆಳ್ಳಗೆ ಮಾಡಿ, ಕುಳಿಗೆ ತುರುಕಿ,
ಸಂದಿಗೆ ಚಕ್ಕೆ ಬಡಿದಿದ್ದಾರೆ, ನೋಡಿ, ಬೆರಳಗಲ.
ಆವತ್ತೇ ವಾಲಿದೆ ಇದು. ಒಂದು ಗೇಣು ವಾಲಿ, ಸಾಕೆಂದು ನಿಂತಿದೆ.
ಎತ್ತಿ ನಿಲ್ಲಿಸಿದಿರೋ, ಬೀಳುತ್ತದೆ.

ಇಂಜಿನಿಯರು ಲೇಸರನ್ನು ಪೆಟ್ಟಿಗೆಯಲ್ಲಿ ಮಲಗಿಸಿದ,
ಮಗುವನ್ನು ಮಲಗಿಸಿದ ಹಾಗೆ, ಸದ್ದಿಲ್ಲದೆ.

ಮಾಳಿಗೆಯ ಗಾಜಿನ ಕಪಾಟಿನಲ್ಲಿ ಆ ಕಾಲದ ಲೆಕ್ಕದ ಹಾಳೆ.
ಮೇಸ್ತ್ರಿಗೆ ಇಷ್ಟು, ಸುಣ್ಣಕ್ಕೆ ಇಷ್ಟು, ಬಿಯರಿಗೆ ತುಸು ಜಾಸ್ತಿಯೇ.
ಕೊನೆಯಲ್ಲಿ, ಹುಡುಗನಿಗೆ ಎರಡು ಪೆನ್ನಿ. ಹೆಸರಿಲ್ಲ.
ಅದನ್ನು ಹೊಡೆದು ಹಾಕಿದೆ.
ಪಕ್ಕದಲ್ಲಿ, ಬೇರೆ ಮಸಿಯಲ್ಲಿ, ಮತ್ತೆ ಎರಡು ಪೆನ್ನಿ.
ಎಷ್ಟು ಸಲ ಒರೆಸಿದ್ದೇನೆ ಆ ಗಾಜನ್ನು, ಓದಿರಲಿಲ್ಲ.

ಥಿರ್ಜಾ ಎರಡೇ ಎರಡು ಮೊಳೆ ಬದಲಿಸಿದಳು. ಇನ್ನೂ ಹಸಿ, ಬಿಳಿ.
ಮರುದಿನ ನಾನು ಎಂದಿನಂತೆ ಮೊಣಕಾಲು ಎತ್ತಿದರೆ
ಬಾಗಿಲು ಸುಮ್ಮನೆ ತೆರೆದುಕೊಂಡು
ಮೆಟ್ಟಿಲ ಮೇಲೆ ಮುಗ್ಗರಿಸಿದೆ. ಓಸ್ವಿನ್ ನೋಡಿಯೇ ಬಿಟ್ಟ.
ಎರಡು ವಾರ ಹಾಗೇ ಇತ್ತು, ಪರರ ಮನೆಯ ಬಾಗಿಲ ಥರ.
ಮೂರನೆಯ ಮಂಗಳವಾರ, ಮಂಜು ಕರಗಿದ ಮೇಲೆ,
ನೂಕಿದೆ. ಬರಲಿಲ್ಲ.
ಮೊಣಕಾಲು ತನ್ನ ಸವಕಲಲ್ಲಿ ಹೋಗಿ ಕೂತಿತು.